ಫೋರ್‌ಮನ್ ಗೆದ್ದಿದ್ದು ಪವಾಡವಲ್ಲ

2023ರಲ್ಲಿ ಜಾರ್ಜ್ ಫೋರ್‌ಮನ್ ಬಗ್ಗೆ ಒಂದು ಸಿನಿಮಾ ಬಂತು. 'ಬಿಗ್ ಜಾರ್ಜ್ ಫೋರ್‌ಮನ್' ಅಂತ. ಪೂರ್ತಿ ಹೆಸರು ಒಂದೇ ಉಸಿರಿಗೆ ಹೇಳೋಕಾಗಲ್ಲ, ಅಷ್ಟುದ್ದ ಇದೆ. ಆ ಉದ್ದದ ನಡುವೆ 'ಮಿರಾಕ್ಯುಲಸ್' ಅನ್ನೋ ಪದವೂ ಇದೆ, ಅಂದ್ರೆ ಪವಾಡಸದೃಶ. ಸಿನಿಮಾ ಹೇಗಿದೆ ಅನ್ನೋದು ಬೇರೆ ಮಾತು. ನನ್ನ ತಕರಾರು ಈ ಒಂದು ಪದದ ಜೊತೆ.

ಬಾಕ್ಸಿಂಗ್ ನೋಡದವರಿಗೆ ಕತೆ ಚಿಕ್ಕದಾಗಿ ಹೇಳಿಬಿಡ್ತೀನಿ. 1994ರ ನವೆಂಬರ್ 5, ಲಾಸ್ ವೇಗಾಸ್. 45 ವರ್ಷದ ಫೋರ್‌ಮನ್ 26 ವರ್ಷದ ಮೈಕಲ್ ಮೂರರ್‌ನನ್ನು ಹತ್ತನೇ ಸುತ್ತಿನಲ್ಲಿ ಮಲಗಿಸಿ ವಿಶ್ವ ಹೆವಿವೇಟ್ ಪಟ್ಟ ಕಿತ್ಕೊಂಡ. ಮೂರರ್ ಅಲ್ಲಿವರೆಗೆ ಆಡಿದ್ದ 35 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಫೋರ್‌ಮನ್ ಇದೇ ಪಟ್ಟವನ್ನು ಮೊಹಮ್ಮದ್ ಅಲಿಗೆ ಬಿಟ್ಟುಕೊಟ್ಟು ಆಗಲೇ 20 ವರ್ಷ ಕಳೆದಿತ್ತು. ಅವತ್ತು ಕಿನ್ಶಾಸಾದಲ್ಲಿ ಸೋತಾಗ ಹಾಕಿದ್ದ ಅದೇ ಕೆಂಪು ಚಡ್ಡಿಯನ್ನು ಹಾಕ್ಕೊಂಡೇ ವೇಗಾಸ್‌ನಲ್ಲಿ ರಿಂಗ್ ಹತ್ತಿದ್ದ. ಕಿನ್ಶಾಸಾದಲ್ಲಿ ಅಲಿಯ ಮೂಲೆಯಲ್ಲಿ ನಿಂತಿದ್ದ ಕೋಚ್ ಆಂಜೆಲೊ ಡಂಡಿ ಈ ಸಲ ಇವನ ಮೂಲೆಯಲ್ಲಿದ್ದ. ಸಿನಿಮಾದವರಿಗೆ ಇನ್ನೇನು ಬೇಕು ಹೇಳಿ?

ಫೋರ್‌ಮನ್‌ನ ಅತಿ ದೊಡ್ಡ ಸಾಧನೆ ಯಾವುದು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಇದನ್ನೇ ಹೇಳ್ತಾರೆ. ನಾನೂ ಇದನ್ನೇ ಹೇಳ್ತೀನಿ. ಆದರೆ ಅವರು ಕೊಡುವ ಕಾರಣ ನನಗೆ ಒಪ್ಪಿಗೆಯಿಲ್ಲ. 2025ರ ಮಾರ್ಚ್‌ನಲ್ಲಿ ಆತ ತೀರಿಕೊಂಡಾಗಲೂ ಇದೇ ಮಾತು ಕೇಳಿಬಂತು: ಆ ವಯಸ್ಸಲ್ಲಿ, ಆ ಹೊಟ್ಟೆ ಇಟ್ಕೊಂಡು, ಅಬ್ಬಾ! ವಯಸ್ಸೇ ಅಳತೆಗೋಲು ಆದ್ರೆ ಬರ್ನಾರ್ಡ್ ಹಾಪ್ಕಿನ್ಸ್‌ನನ್ನು ಎಲ್ಲಿಡ್ತೀರಿ? ಆತ ಲೈಟ್ ಹೆವಿವೇಟ್‌ನಲ್ಲಿ 2011ರಲ್ಲಿ 46ನೇ ವಯಸ್ಸಿಗೆ ಪಟ್ಟ ಗೆದ್ದ, 49 ತುಂಬಿದ ಮೇಲೂ 2014ರಲ್ಲಿ ಇನ್ನೊಂದು ಬೆಲ್ಟ್ ಸೇರಿಸಿಕೊಂಡ. ಹೆವಿವೇಟ್‌ನಲ್ಲಿ ಈಗಲೂ ಫೋರ್‌ಮನ್‌ದೇ ದಾಖಲೆ, ಸರಿ. ಆದರೆ ಜನನ ಪ್ರಮಾಣಪತ್ರ ನೋಡಿ ಸಾಧನೆ ಅಳೆಯೋದು ನನಗಂತೂ ಸರಿ ಕಾಣಲ್ಲ.

ಹತ್ತನೆಯವನ ವಾದ ಬೇರೆ, ಮತ್ತು ಅದರಲ್ಲಿ ತೂಕ ಇದೆ. ಎದುರಾಳಿ ಯಾರು ಅಂತ ನೋಡು ಅಂತಾನೆ ಅವನು. 1973ರ ಜನವರಿ 22, ಜಮೈಕಾದ ಕಿಂಗ್‌ಸ್ಟನ್. ಅಲಿಯನ್ನೇ ಸೋಲಿಸಿದ್ದ ಜೋ ಫ್ರೇಜಿಯರ್‌ನನ್ನು ಫೋರ್‌ಮನ್ ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿದ. ಮುಂದಿನ ವರ್ಷ, ಅಲಿಯ ದವಡೆ ಮುರಿದಿದ್ದ ಕೆನ್ ನಾರ್ಟನ್ ಕೂಡ ಎರಡೇ ಸುತ್ತಿಗೆ ಮುಗಿದ. ಇವರಿಬ್ಬರ ಪಕ್ಕದಲ್ಲಿ ಮೂರರ್ ಚಿಕ್ಕವನೇ. ಒಂದು ರಾತ್ರಿಯ ಪ್ರದರ್ಶನ ಅಂತ ನೋಡಿದರೆ ಕಿಂಗ್‌ಸ್ಟನ್‌ನಷ್ಟು ಭಯ ಹುಟ್ಟಿಸುವ ಹೆವಿವೇಟ್ ಪಂದ್ಯವನ್ನು ನಾನು ನೋಡಿಲ್ಲ. ಆದರೆ ಅವತ್ತು ಗೆದ್ದಿದ್ದು 24ರ ಪ್ರಾಯ ಮತ್ತು ಹುಟ್ಟಿನಿಂದ ಬಂದ ತಾಕತ್ತು. ಜೇಬಲ್ಲಿದ್ದದ್ದನ್ನು ಖರ್ಚು ಮಾಡಿದ, ಅಷ್ಟೇ.

ಆ ಖರ್ಚಿನ ಲೆಕ್ಕ ಸಿಕ್ಕಿದ್ದು ಕಿನ್ಶಾಸಾದಲ್ಲಿ, 1974ರ ಅಕ್ಟೋಬರ್ 30ರಂದು. ಅದಕ್ಕೆ ಮುಂಚೆ ಆಡಿದ 40 ಪಂದ್ಯಗಳಲ್ಲಿ 40ನ್ನೂ ಗೆದ್ದಿದ್ದ, ಅದರಲ್ಲಿ 37 ನಾಕೌಟ್. ಎದುರಿಗಿರೋನು ಬೀಳದೇ ಹೋದರೆ ಏನು ಮಾಡಬೇಕು ಅಂತ ಕಲಿಯೋ ಅಗತ್ಯವೇ ಅವನಿಗೆ ಹೆಚ್ಚಾಗಿ ಬಂದಿರಲಿಲ್ಲ. ಅಲಿ ಹಗ್ಗಕ್ಕೆ ಒರಗಿ ನಿಂತ, ಮುಖ ಮುಚ್ಕೊಂಡ, ಹೊಡಿ ಅಂದ. ಇವನು ಹೊಡೆದ. ಹೊಡೆದೂ ಹೊಡೆದೂ ಎಂಟನೇ ಸುತ್ತಿಗೆ ಕೈ ಎತ್ತೋಕೂ ಆಗದ ಸ್ಥಿತಿಗೆ ಬಂದ, ಬಿದ್ದ. ಆಮೇಲೆ ಹಗ್ಗ ಸಡಿಲ ಇತ್ತು, ನೀರಿಗೆ ಏನೋ ಬೆರೆಸಿದ್ದರು ಅಂತೆಲ್ಲ ನೆಪ ಹೇಳಿದ. 'ವೆನ್ ವಿ ವೇರ್ ಕಿಂಗ್ಸ್' ಸಾಕ್ಷ್ಯಚಿತ್ರ ಆಸ್ಕರ್ ಗೆದ್ದದ್ದು ಈ ಪಂದ್ಯದ ಕತೆ ಹೇಳಿ. ಅದು ಅಲಿಯ ಚಿತ್ರ, ಫೋರ್‌ಮನ್ ಅದರಲ್ಲಿ ಬಿದ್ದ ಮರ.

1977ರಲ್ಲಿ ಜಿಮ್ಮಿ ಯಂಗ್‌ಗೆ ಸೋತು, ಬಾಕ್ಸಿಂಗ್ ಬಿಟ್ಟು, ಪಾದ್ರಿಯಾದ. ಹ್ಯೂಸ್ಟನ್‌ನಲ್ಲಿ ಹುಡುಗರಿಗೋಸ್ಕರ ಒಂದು ಕೇಂದ್ರ ತೆರೆದ, ಅದನ್ನು ನಡೆಸೋಕೆ ದುಡ್ಡು ಬೇಕಾಯ್ತು. ಹತ್ತು ವರ್ಷದ ನಂತರ 1987ರಲ್ಲಿ ಗ್ಲೌಸ್ ಹಾಕ್ಕೊಂಡು ಬಂದಾಗ ಸುಮಾರು 121 ಕೆಜಿ ತೂಗ್ತಿದ್ದ. ಪತ್ರಕರ್ತರು ನಕ್ಕರು, ಅವನೂ ಅವರ ಜೊತೆ ನಕ್ಕ. ಹೆಸರೇ ಕೇಳದ ಎದುರಾಳಿಗಳನ್ನು ಒಬ್ಬೊಬ್ಬರಾಗಿ ಕೆಡವುತ್ತಾ ಹೋದ. ಎದುರಾಳಿಗಳು ಪುಕ್ಕಲರು ಅನ್ನೋ ಟೀಕೆ ನಿಜ. ಆದರೆ ಟೀಕಿಸಿದವರು ಎದುರಾಳಿಯನ್ನು ನೋಡ್ತಿದ್ದರೇ ಹೊರತು ಫೋರ್‌ಮನ್ ಏನು ಮಾಡ್ತಿದ್ದ ಅಂತ ನೋಡಲಿಲ್ಲ.

ನಮ್ಮೂರ ಕಡೆ ಜಾತ್ರೆ ಕುಸ್ತಿ ನೋಡೋ ಅಜ್ಜಂದಿರು ಪಟ್ಟು ಬಿದ್ದಾಗ ಚಪ್ಪಾಳೆ ಹೊಡೆಯಲ್ಲ. ಅದಕ್ಕೆ ಮುಂಚೆ ಕಾಲು ಎಲ್ಲಿಟ್ಟಿದ್ದ ಅಂತ ತಮ್ಮಲ್ಲೇ ಮಾತಾಡ್ಕೋತಾರೆ. ಆ ಕಣ್ಣಲ್ಲಿ ನೋಡಿದರೆ ಈ ಎರಡನೇ ಫೋರ್‌ಮನ್ ಬೇರೆ ಆಳು. ಎರಡೂ ಕೈಗಳನ್ನು ಮುಖದ ಮುಂದೆ ಅಡ್ಡಡ್ಡ ಕತ್ತರಿ ಹಾಕಿ ನಿಲ್ತಿದ್ದ. ಅದು ಹಳೇ ಚಾಂಪಿಯನ್ ಆರ್ಚಿ ಮೂರ್‌ನ ವರಸೆ. ಸುತ್ತಿನ ನಡುವೆ ಸ್ಟೂಲ್ ಮೇಲೆ ಕೂರ್ತಿರಲಿಲ್ಲ, ನಿಂತೇ ಇರ್ತಿದ್ದ. ದೊಡ್ಡ ದೊಡ್ಡ ಬೀಸು ಹೊಡೆತ ಕಡಿಮೆ ಮಾಡಿ ನಿಧಾನವಾದ, ಭಾರವಾದ ಎಡಗೈ ಜಾಬ್ ಹಾಕ್ತಾ ಹೋದ. ಒಟ್ಟಿನಲ್ಲಿ ಉಸಿರು ಉಳಿಸುವುದನ್ನು ಕಲಿತಿದ್ದ. 1991ರಲ್ಲಿ ಹೋಲಿಫೀಲ್ಡ್ ಎದುರು 12 ಸುತ್ತೂ ನಿಂತು ಅಂಕಗಳ ಮೇಲೆ ಸೋತ. ದಾಖಲೆಯಲ್ಲಿ ಅದು ಬರೀ ಒಂದು ಸೋಲು. ನನಗೆ ಅದು ಕಿನ್ಶಾಸಾದ ಪರೀಕ್ಷೆ ಮತ್ತೆ ಕಟ್ಟಿದ ಹಾಗೆ ಕಾಣುತ್ತೆ. 25ರಲ್ಲಿ ಎಂಟನೇ ಸುತ್ತಿಗೆ ಸುಸ್ತಾದವನು 42ರಲ್ಲಿ ಹನ್ನೆರಡು ಸುತ್ತು ಆಡಿ ನಡೆದುಕೊಂಡು ಹೊರಗೆ ಬಂದ.

ಈಗ ಮೂರರ್ ಪಂದ್ಯಕ್ಕೆ ಬನ್ನಿ. ಒಂಬತ್ತು ಸುತ್ತು ಮುಗಿದಾಗ ಮೂವರೂ ತೀರ್ಪುಗಾರರ ಚೀಟಿಯಲ್ಲಿ ಫೋರ್‌ಮನ್ ಹಿಂದಿದ್ದ. ಇಬ್ಬರದು 88-83, ಒಬ್ಬರದು 86-85. ಮೂರರ್ ಎಡಚ, ಬಲಗೈ ಜಾಬ್ ಹಾಕ್ತಾ ಬರೋನು. ಎಡಚರಿಗೆ ನೇರ ಬಲಗೈ ಗುದ್ದೇ ಮದ್ದು ಅಂತ ಬಾಕ್ಸಿಂಗ್ ಗೊತ್ತಿರೋರೆಲ್ಲ ಹೇಳ್ತಾರೆ. ಅವನ ಮುಂದೆ ನಿಂತ್ಕೋಬೇಡ, ಓಡಾಡ್ತಾ ಇರು ಅಂತ ಕೋಚ್ ಟೆಡ್ಡಿ ಅಟ್ಲಾಸ್ ಮೂರರ್‌ಗೆ ಬಡ್ಕೋತಾನೇ ಇದ್ದ. ಇತ್ತ ಫೋರ್‌ಮನ್, ಪಂದ್ಯದ ಕೊನೆಕೊನೆಗೆ ಅವನಾಗೇ ಬಂದು ನನ್ನೆದುರು ನಿಲ್ತಾನೆ, ಆಗ ಹೊಡೀತೀನಿ ಅಂತ ವೀಕ್ಷಕ ವಿವರಣೆಗಾರ ಜಿಮ್ ಲ್ಯಾಂಪ್ಲಿಗೆ ಮೊದಲೇ ಹೇಳಿದ್ದ. ಹತ್ತನೇ ಸುತ್ತಿನಲ್ಲಿ ಮೂರರ್ ನಿಂತ. ಎಡಗೈ, ಹಿಂದೆಯೇ ಬಲಗೈ. ಮತ್ತೆ ಅದೇ. ಆ ಕೊನೆಯ ಬಲಗೈ ಗುದ್ದು ಒಂದು ಮೊಳ ದೂರವೂ ಚಲಿಸಿದಂತೆ ಕಾಣಲ್ಲ. ಮೂರರ್ ಅಂಗಾತ ಬಿದ್ದ, ರೆಫರಿ ಹತ್ತು ಎಣಿಸಿದ.

ಒಂದೇ ಗುದ್ದು, ಅದೃಷ್ಟ ಅಂತ ಕೆಲವರು ಹೇಳ್ತಾರೆ. ರಾತ್ರಿ ಎರಡು ಗಂಟೆಗೆ ಒಂದೇ ಸಾಲು ಕೋಡ್ ಬದಲಿಸಿ ಸರ್ವರ್ ಎಬ್ಬಿಸಿದವನಿಗೆ ಬೆಳಿಗ್ಗೆ 'ಒಂದೇ ಸಾಲು ತಾನೇ' ಅನ್ನೋ ಜಾತಿಯವರು ಇವರು. ಆ ಸಾಲು ಯಾವುದು ಅಂತ ಹುಡುಕೋಕೆ ಎಷ್ಟು ಹೊತ್ತು ಹಿಡೀತು ಅಂತ ಕೇಳಲ್ಲ. ಇನ್ನು ಪವಾಡ ಅನ್ನೋರಂತೂ ಆ ಹೊತ್ತನ್ನೂ ದೇವರ ಲೆಕ್ಕಕ್ಕೆ ಬರೀತಾರೆ. ಫೋರ್‌ಮನ್ ಗೆದ್ದ ತಕ್ಷಣ ಮೂಲೆಗೆ ಹೋಗಿ ಮಂಡಿಯೂರಿ ಪ್ರಾರ್ಥನೆ ಮಾಡಿದ, ನಿಜ. ದೇವರ ದಯೆ ಅಂತ ಅವನು ಅಂದರೆ ಅದು ಅವನ ಭಕ್ತಿ. ನಾವೂ ಹಾಗೇ ಅಂದುಬಿಟ್ಟರೆ ಅದು ಸೋಮಾರಿತನ ಕಣ್ರೀ.

ಆಮೇಲಿನ ಕತೆ ಅಷ್ಟೇನೂ ಚೆನ್ನಾಗಿಲ್ಲ, ಅದನ್ನೂ ಹೇಳಬೇಕು. ಟೋನಿ ಟಕರ್ ಜೊತೆ ಆಡಲ್ಲ ಅಂದಿದ್ದಕ್ಕೆ ಒಂದು ಬೆಲ್ಟ್ ಹೋಯ್ತು. 1995ರಲ್ಲಿ ಜರ್ಮನಿಯ ಆಕ್ಸೆಲ್ ಶುಲ್ಟ್ಸ್ ವಿರುದ್ಧ ಬಂದ ತೀರ್ಪು ಫೋರ್‌ಮನ್‌ಗೆ ಕೊಟ್ಟ ಉಡುಗೊರೆ ಅನ್ನೋರೇ ಹೆಚ್ಚು, ನನಗೂ ಹಾಗೇ ಅನ್ಸುತ್ತೆ. ಮರುಪಂದ್ಯ ಆಡದೆ ಇನ್ನೊಂದು ಬೆಲ್ಟ್ ಕೂಡ ಬಿಟ್ಟ. ಚಾಂಪಿಯನ್ ಆಗಿ ಅವನ ಎರಡನೇ ಅವಧಿ ಸಪ್ಪೆ.

ಮೂರರ್ ಪಂದ್ಯದ ವಿಡಿಯೊ ಸಿಕ್ಕಿದರೆ ಎಲ್ಲರೂ ನೇರ ಹತ್ತನೇ ಸುತ್ತಿಗೆ ಓಡಿಸ್ತಾರೆ. ನೀವು ಐದರಿಂದ ನೋಡಿ. ಏಟು ತಿಂದು ಊದಿದ ಮುಖ, ಮುಗಿಯದ ಆ ನಿಧಾನದ ಜಾಬ್. ಗಂಟೆ ಹೊಡೆದಾಗ ಮೂಲೆಗೆ ಹೋಗ್ತಾನೆ, ಸ್ಟೂಲ್ ಮೇಲೆ ಕೂರಲ್ಲ.