ಗೋಡೆಯನ್ನು ಓದುವ ವಿದ್ಯೆ

ದುಬೈಯ ಊದ್ ಮೇಥಾದ ಮೆಟ್ರೋ ನಿಲ್ದಾಣದಿಂದ ಇಳಿದು, 1997ರಲ್ಲಿ ತೆರೆದು 2017ರ ಬೆಂಕಿಯ ತರುವಾಯ ಬಾಗಿಲು ಹಾಕಿದ ಲ್ಯಾಮ್ಸಿ ಪ್ಲಾಜಾವನ್ನು ನೆನೆಯುತ್ತ, 1961ರಲ್ಲಿ ಸ್ಥಾಪಿತವಾದ ಇಂಡಿಯನ್ ಹೈಸ್ಕೂಲಿನ ಗೋಡೆಗುಂಟ ಸಂಜೆಯ ಹೊತ್ತು ನಡೆಯುವವನಿಗೆ, ಈ ಬಡಾವಣೆಯು ನಮ್ಮವರಿಗೆ ಎಷ್ಟು ಹಳೆಯ ಆಶ್ರಯವೆಂಬುದನ್ನು ಯಾರೂ ಹೇಳಬೇಕಾಗಿಲ್ಲ. ನಮ್ಮ ಎಷ್ಟೋ ರಾಜ್ಯೋತ್ಸವಗಳು ಆ ಶಾಲೆಯ ಸಭಾಂಗಣದಲ್ಲಿಯೇ ನಡೆದಿವೆ. ನಮ್ಮ ಮಕ್ಕಳು ಅಲ್ ನಸ್ರ್ ಲೀಷರ್‌ಲ್ಯಾಂಡಿನ ಮಂಜಿನ ಅಂಗಣದಲ್ಲಿ ಬಿದ್ದು ಎದ್ದು ಜಾರುವುದನ್ನು ಕಲಿತಿದ್ದಾರೆ. ಆದರೂ ಇಲ್ಲಿಯ ಒಂದು ಇಟ್ಟಿಗೆಯೂ ನಮ್ಮದಲ್ಲ. ವರ್ಷವರ್ಷವೂ ಮುಂದಿನ ತಾರೀಖಿನ ಚೆಕ್ಕುಗಳನ್ನು ಬರೆದುಕೊಟ್ಟು, ‘ಈಜಾರಿ’ ಎಂಬ ಬಾಡಿಗೆ ಕರಾರಿನ ನೋಂದಣಿಯನ್ನು ನವೀಕರಿಸಿಕೊಂಡು ಬಾಳುವ ಬಾಡಿಗೆದಾರರು ನಾವು.

ಸ್ಥಿರಾಸ್ತಿಯಲ್ಲಿ ಹಣ ತೊಡಗಿಸಬೇಕೆಂಬ ಆಸೆಯುಳ್ಳ ತರುಣನಿಗೆ ಇದಕ್ಕಿಂತ ಉತ್ತಮವಾದ ಪಾಠಶಾಲೆ ಈ ನಗರದಲ್ಲಿ ಬೇರೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸ ಗೋಪುರಗಳು ತಮ್ಮ ಯೌವನವನ್ನು ಮಾತ್ರ ತೋರಿಸುತ್ತವೆ. ಕಟ್ಟಡವೊಂದು ಹೇಗೆ ಮುಪ್ಪಾಗುತ್ತದೆ, ಮುಪ್ಪಿನಲ್ಲಿ ಯಾವ ಯಾವ ಕಾಯಿಲೆಗಳು ಅದನ್ನು ಹಿಡಿಯುತ್ತವೆ, ಆ ಕಾಯಿಲೆಗಳ ಖರ್ಚನ್ನು ಯಾರು ಹೊರುತ್ತಾರೆ ಎಂಬುದನ್ನು ಕಲಿಯಬೇಕಾದರೆ ಹಳೆಯ ಬೀದಿಯಲ್ಲಿ ಬಾಡಿಗೆಗಿರತಕ್ಕದ್ದು.

ಕಳೆದ ವಾರ ಗೆಳೆಯರೊಬ್ಬರ ಮಗ, ಉಡುಪಿಯ ಕಡೆಯ ಇಪ್ಪತ್ತಾರರ ಪ್ರಾಯದ ಇಂಜಿನಿಯರು, ನಮ್ಮ ಮನೆಗೆ ಬಂದು, ಮಿರುಗುವ ಕಾಗದದ ಪುಸ್ತಿಕೆಯೊಂದನ್ನು ಮೇಜಿನ ಮೇಲೆ ಹರಡಿದನು. ಇನ್ನೂ ಕಟ್ಟದ ಮನೆ, ಇನ್ನೂ ತೋಡದ ಕೊಳ, ಕೊಳದ ಬದಿಯಲ್ಲಿ ಇನ್ನೂ ನೆಡದ ಖರ್ಜೂರದ ಸಾಲು.

“ಮಾವ, ಏಳು ಪರ್ಸೆಂಟ್ ಬಾಡಿಗೆ ಬರ್ತದಂತೆ. ಬುಕ್ ಮಾಡಿಬಿಡುವುದಾ?”

“ಒಂದು ಕಾಗದ ತೆಗೆದುಕೋ ಮಾರಾಯ, ಬರೆದು ನೋಡುವ” ಎಂದೆ.

ಪುಸ್ತಿಕೆಯನ್ನು ಬದಿಗಿಟ್ಟು, ಕಟ್ಟಿ ಮುಗಿದ ಐನೂರು ಚದರಡಿಯ ಸಣ್ಣ ಮನೆಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಂಡೆವು. ಬೆಲೆ ಏಳು ಲಕ್ಷ ದಿರ್ಹಂ, ವರ್ಷದ ಬಾಡಿಗೆ ಐವತ್ತು ಸಾವಿರ. ಇಲ್ಲಿಯ ಸೆಂಟ್ರಲ್ ಬ್ಯಾಂಕಿನ ನಿಯಮದಂತೆ ಪರದೇಶಿಯು ಕೊಳ್ಳುವ ಮೊದಲ ಮನೆಗೆ, ಅದರ ಬೆಲೆ ಐವತ್ತು ಲಕ್ಷದೊಳಗಿದ್ದರೆ, ಶೇಕಡಾ 80ರವರೆಗೆ ಸಾಲ ಸಿಕ್ಕೀತು. ಕಟ್ಟುತ್ತಿರುವ ಮನೆಗಾದರೆ ಅರ್ಧ ಮಾತ್ರ. ಹೀಗೆ ಕೈಯಿಂದ ಹೋಗತಕ್ಕದ್ದು ಒಂದು ಲಕ್ಷದ ನಲವತ್ತು ಸಾವಿರ. ಅಲ್ಲಿಗೇ ಲೆಕ್ಕ ಮುಗಿಯಿತೆಂದು ತಿಳಿದವರು ಅನೇಕರು. ಲ್ಯಾಂಡ್ ಡಿಪಾರ್ಟ್‌ಮೆಂಟಿನ ನೋಂದಣಿ ಶುಲ್ಕ ಶೇಕಡಾ 4, ಎಂದರೆ ಇಪ್ಪತ್ತೆಂಟು ಸಾವಿರ. ದಲ್ಲಾಳಿಯ ಶೇಕಡಾ 2 ಮತ್ತು ಅದರ ಮೇಲಿನ ವ್ಯಾಟ್ ಕೂಡಿ ಹದಿನಾಲ್ಕು ಸಾವಿರದ ಏಳುನೂರು. ಟ್ರಸ್ಟೀ ಕಚೇರಿಯ ಶುಲ್ಕ, ಸಾಲದ ನೋಂದಣಿ, ಇವೆಲ್ಲವೂ ಸೇರಿ ಒಟ್ಟು ಒಂದು ಲಕ್ಷದ ಎಂಬತ್ತೆಂಟು ಸಾವಿರವನ್ನು ದಾಟಿತು. ಈ ಶುಲ್ಕಗಳನ್ನೂ ಸಾಲದೊಳಗೆ ಸೇರಿಸಿಕೊಳ್ಳುವ ಪದ್ಧತಿ ಹಿಂದೆ ಇದ್ದಿತು. 2025ರ ಫೆಬ್ರವರಿಯಿಂದ ಅದೂ ನಿಂತಿದೆ.

ಇನ್ನು ಆದಾಯದ ಕಡೆ. ಐವತ್ತು ಸಾವಿರದಲ್ಲಿ ಸರ್ವೀಸ್ ಚಾರ್ಜು, ಚದರಡಿಗೆ ಹದಿನೈದರಂತೆ ಹಿಡಿದರೂ, ಏಳೂವರೆ ಸಾವಿರ. ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬಿದ್ದಿರುವುದೆಂದು ವಿವೇಕಿಯಾದವನು ಹಿಡಿಯಲೇಬೇಕು, ಅದು ನಾಲ್ಕು ಸಾವಿರದ ಇನ್ನೂರು. ಏಸಿಯ ರಿಪೇರಿ, ಬಣ್ಣ, ನಲ್ಲಿಗಳಿಗೆ ಎರಡೂವರೆ ಸಾವಿರ. ಉಳಿದದ್ದು ಮೂವತ್ತೈದು ಸಾವಿರದ ಎಂಟುನೂರು. ಇದನ್ನು ಬೆಲೆ, ಶುಲ್ಕಗಳೆಲ್ಲ ಕೂಡಿದ ಪೂರ್ತಿ ವೆಚ್ಚದೊಡನೆ ಇಟ್ಟು ನೋಡಿದರೆ ಪುಸ್ತಿಕೆಯ ಏಳು ಎಂಬುದು ಐದಕ್ಕೂ ಸ್ವಲ್ಪ ಕಡಮೆಯಾಯಿತು. ಐದು ಲಕ್ಷದ ಅರವತ್ತು ಸಾವಿರದ ಸಾಲಕ್ಕೆ ನಾಲ್ಕೂವರೆಯ ಬಡ್ಡಿಯಲ್ಲಿ ಇಪ್ಪತ್ತೈದು ವರ್ಷದ ಕಂತು ವರ್ಷಕ್ಕೆ ಸುಮಾರು ಮೂವತ್ತೇಳು ಸಾವಿರದ ಮುನ್ನೂರೈವತ್ತು. ಬಾಡಿಗೆ ಬಂದೂ ತಿಂಗಳಿಗೆ ನೂರಮೂವತ್ತು ದಿರ್ಹಂ ಕಿಸೆಯಿಂದಲೇ ತೆರಬೇಕು!

ಹುಡುಗನ ಮುಖ ಬಾಡಿತು. ಬಾಡಬೇಕಾದುದೇನೂ ಇರಲಿಲ್ಲ. ಮೊದಲ ವರ್ಷವೇ ಆ ಕಂತಿನಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕಿ ಅಸಲಿಗೆ ಸಲ್ಲುತ್ತದೆ. ಅದು ಕಳೆದುಹೋದ ಹಣವಲ್ಲ, ಗೋಡೆಯೊಳಗೆ ಕೂಡಿಟ್ಟ ಹಣ. ಬಾಡಿಗೆದಾರನ ದುಡ್ಡಿನಿಂದ ಸಾಲ ತೀರಿ, ಐವತ್ತೊಂದರ ವಯಸ್ಸಿನಲ್ಲಿ ಋಣವಿಲ್ಲದ ಮನೆಯೊಂದು ತನ್ನ ಹೆಸರಿನಲ್ಲಿರುವುದು ಸಣ್ಣ ಮಾತೇನೂ ಅಲ್ಲ. ಆದರೆ ಕೆಲಸ ಹೋಗಿ ಆರು ತಿಂಗಳು ಸಂಬಳವಿಲ್ಲದೆ ಕುಳಿತರೂ ಕಂತು ತಪ್ಪದಷ್ಟು ನಗದು ಬೇರೆಯಾಗಿ ಇಟ್ಟವನು ಮಾತ್ರ ಇದಕ್ಕೆ ಕೈಹಾಕಬೇಕು. ವೀಸಾ ನೌಕರಿಗೆ ಕಟ್ಟಿಬಿದ್ದಿರುವ ನಾಡಿನಲ್ಲಿ ಇದು ಊರಿನಲ್ಲಿರುವುದಕ್ಕಿಂತ ಹತ್ತು ಪಟ್ಟು ಮುಖ್ಯವಾದ ಮಾತು.

ನಾನು ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವುಂಟು. 2002ರಲ್ಲಿ ಪರದೇಶಿಗಳಿಗೆ ಒಡೆತನದ ಬಾಗಿಲು ತೆರೆದು, 2006ರ 7ನೆಯ ಕಾನೂನು ಆ ಒಡೆತನಕ್ಕೆ ನೋಂದಣಿಯ ಭದ್ರತೆ ಕೊಟ್ಟು, ಯಾವ ಯಾವ ಪ್ರದೇಶಗಳಲ್ಲಿ ನಾವು ಕೊಳ್ಳಬಹುದೆಂಬುದು ಗೊತ್ತಾದ ಮೇಲೆ, ಇಡೀ ನಗರಕ್ಕೆ ಒಂದು ಆವೇಶ ಹಿಡಿದಿತ್ತು. ನಕ್ಷೆಯನ್ನು ಕೊಂಡು, ಎರಡನೆಯ ಕಂತು ಬರುವುದರೊಳಗೆ ಅದನ್ನೇ ಮತ್ತೊಬ್ಬನಿಗೆ ಮಾರುವುದೇ ವ್ಯಾಪಾರವೆನಿಸಿತ್ತು. 2008ರ ಆದಿಯಲ್ಲಿ ನಾನೂ ಅಂಥದೊಂದು ನಕ್ಷೆಗೆ ಹಣ ಕೊಟ್ಟೆನು. ಕೊಳ್ಳುವವರ ಹಣವು ಎಸ್ಕ್ರೋ ಖಾತೆಗೆ ಹೋಗಿ, ಕಟ್ಟಡ ಏರಿದಂತೆ ಮಾತ್ರ ಬಿಡುಗಡೆಯಾಗಬೇಕೆಂಬ 2007ರ 8ನೆಯ ಕಾನೂನು ಆಗಲೇ ಬಂದಿದ್ದಿತು; ನಾನು ಬರೆದ ಚೆಕ್ಕು ಯಾವ ಖಾತೆಯ ಹೆಸರಿನಲ್ಲಿದೆಯೆಂದು ಕೇಳುವ ತಾಳ್ಮೆ ನನಗಿರಲಿಲ್ಲ. ಮರುವರ್ಷ, ನವೆಂಬರ್ 25ರಂದು ಸರ್ಕಾರದ ಒಡೆತನದ ದುಬೈ ವರ್ಲ್ಡ್ ಕಂಪನಿಯು ತನ್ನ ಸಾಲಗಳಿಗೆ ಕಾಲಾವಕಾಶ ಕೇಳಿದ ದಿನ, ನನ್ನ ಮನೆ ಏಳಬೇಕಾಗಿದ್ದ ಜಾಗಕ್ಕೆ ಹೋಗಿ ನಿಂತೆನು. ಮರಳು, ತಗಡಿನ ಬೇಲಿ, ಬಿಸಿಲಿಗೆ ಬಣ್ಣ ಕಳೆದುಕೊಂಡ ಒಂದು ಫಲಕ. ಕೊಟ್ಟ ಹಣದ ಅರ್ಧಾಂಶ ಕೈಸೇರುವಷ್ಟರಲ್ಲಿ ನಾಲ್ಕು ವರ್ಷ ಸಂದಿತ್ತು.

ಈಗ ಕಾಲ ಸುಧಾರಿಸಿದೆ. ಕಟ್ಟುತ್ತಿರುವ ಮನೆಯ ಮಾರಾಟವನ್ನು 2008ರ 13ನೆಯ ಕಾನೂನಿನಂತೆ ‘ಒಕೂದ್’ ಎಂಬ ತಾತ್ಕಾಲಿಕ ದಾಖಲೆಯಲ್ಲಿ ನಮೂದಿಸಬೇಕು. ಪ್ರತಿಯೊಂದು ಕಟ್ಟಡಕ್ಕೆ ಒಪ್ಪಿಗೆಯಾದ ಸರ್ವೀಸ್ ಚಾರ್ಜು ಎಷ್ಟೆಂಬುದನ್ನು ಇಲಾಖೆಯ ಸೂಚಿಯಲ್ಲಿ ಯಾರು ಬೇಕಾದರೂ ನೋಡಬಹುದು. ಬಾಡಿಗೆಯನ್ನೂ ಮನಬಂದಂತೆ ಏರಿಸಲಾಗದು. 2013ರ 43ನೆಯ ಆಜ್ಞೆಯಂತೆ, ಮಾರುಕಟ್ಟೆಯ ಸರಾಸರಿಗಿಂತ ಎಷ್ಟು ಹಿಂದೆ ಬಿದ್ದಿದೆಯೆಂಬುದನ್ನು ನೋಡಿ ಹೆಚ್ಚಳದ ಮಿತಿ ಸೊನ್ನೆಯಿಂದ ಶೇಕಡಾ 20. ಸ್ವಂತ ವಾಸಕ್ಕೆಂದು ಬಾಡಿಗೆದಾರನನ್ನು ಬಿಡಿಸಬೇಕಾದರೂ ಹನ್ನೆರಡು ತಿಂಗಳ ನೋಟೀಸು ನೋಟರಿಯ ಮೂಲಕವೋ ರಿಜಿಸ್ಟರ್ ಅಂಚೆಯಲ್ಲೋ ಹೋಗಬೇಕು. ಆದಕಾರಣ, ಬಾಡಿಗೆದಾರನಿರುವ ಮನೆಯನ್ನು ಕೊಳ್ಳುವವನು ಗೋಡೆಯ ಜೊತೆಗೆ ಅವನ ಕರಾರನ್ನೂ ಕೊಳ್ಳುತ್ತಾನೆ.

ಕಾಗದಪತ್ರಗಳಷ್ಟೇ ಸಾಕಾಗವು. ನನಗೆ ಅತ್ಯಂತ ಪ್ರಿಯವಾದ ಭಾಗವೆಂದರೆ ಮನೆಯನ್ನೇ ಓದುವುದು. ಬೇಸಗೆಯಲ್ಲಿ ಹೋಗಬೇಕು, ಆಗಸ್ಟಿನಲ್ಲಿಯಾದರೆ ಇನ್ನೂ ಒಳ್ಳೆಯದು, ಮತ್ತು ಸಂಜೆ ಐದರ ಸುಮಾರಿಗೆ. ಪಡುವಣ ಗೋಡೆಯ ಒಳಮೈಗೆ ಅಂಗೈಯನ್ನು ಒತ್ತಿಟ್ಟು ಹತ್ತು ಎಣಿಸಬೇಕು. ಆ ಕಾವೇ ಮುಂದಿನ ವಿದ್ಯುತ್ತಿನ ಬಿಲ್ಲು. ಸ್ನಾನದ ಮನೆಯ ಸೀಲಿಂಗಿನ ಮೂಲೆಗಳಲ್ಲಿ, ಚಹಾದ ಲೋಟ ಇಟ್ಟೆತ್ತಿದಂಥ ಹಳದಿ ಉಂಗುರವಿದೆಯೇ ನೋಡಬೇಕು. ಇದ್ದರೆ ಅಲ್ಲಿಯ ಜಿಪ್ಸಮ್ಮನ್ನು ಬೆರಳಿನಿಂದ ಒತ್ತಬೇಕು. ಮೆತ್ತಗೆ ತಗ್ಗಿದರೆ ಮೇಲಿನ ಮನೆಯ ನೀರು ಈಗಲೂ ಇಳಿಯುತ್ತಿದೆ, ಗಟ್ಟಿಯಾಗಿದ್ದರೆ ಅದು ಹಳೆಯ ಗಾಯ. ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟನ್ನು ತೆರೆದು ಮೂಸಬೇಕು. ಏಸಿಯನ್ನು ಹಾಕಿಸಿ, ಮೊದಲ ಐದು ನಿಮಿಷದ ಗಾಳಿಯಲ್ಲಿ ಒದ್ದೆ ಬಟ್ಟೆಯ ವಾಸನೆಯಿದೆಯೇ ಎಂದು ಕಾಯಬೇಕು. ಏಸಿಗೆ ತಂಪು ಒದಗಿಸುವ ಚಿಲ್ಲರಿನ ಬಿಲ್ಲು ಮನೆಯೊಡೆಯನದೋ ಬಾಡಿಗೆದಾರನದೋ ಎಂಬುದನ್ನು ಆಗಲೇ ಕೇಳಿಬಿಡಬೇಕು. ಕೊನೆಗೆ ಕೆಳಗಿಳಿದು ವಾಚ್‌ಮ್ಯಾನಿನೊಡನೆ ಮಾತನಾಡಬೇಕು. ಬೆಳಿಗ್ಗೆ ಏಳೂವರೆಗೆ ಎಷ್ಟು ಲಿಫ್ಟು ಓಡುತ್ತವೆ, ಯಾವ ಮನೆಯಲ್ಲಿ ಜನ ವರ್ಷವರ್ಷವೂ ಬದಲಾಗುತ್ತಾರೆ ಎಂಬುದು ಯಾವ ದಲ್ಲಾಳಿಗಿಂತಲೂ ಅವನಿಗೆ ಚೆನ್ನಾಗಿ ಗೊತ್ತು.

ಊರಿನ ಕಡೆಯ ಮಾತನ್ನೂ ಒಂದಿಷ್ಟು ಹೇಳಿಬಿಡುತ್ತೇನೆ, ಏಕೆಂದರೆ ಹುಡುಗನ ತಂದೆಗೆ ಅವನು ಹೆಬ್ರಿಯ ಬದಿಯಲ್ಲಿ ಅಡಿಕೆ ತೋಟ ಕೊಳ್ಳಬೇಕೆಂಬ ಆಸೆ. ಕರ್ನಾಟಕದ ಭೂಸುಧಾರಣಾ ಕಾಯಿದೆಗೆ 2020ರಲ್ಲಿ ತಿದ್ದುಪಡಿ ಬಂದು, ಕೃಷಿಕರಲ್ಲದವರಿಗಿದ್ದ ತಡೆ ಹೋದದ್ದು ನಿಜ. ಆದರೆ ಅನಿವಾಸಿ ಭಾರತೀಯನು ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಫಾರ್ಮ್‌ಹೌಸನ್ನಾಗಲಿ ಕ್ರಯಕ್ಕೆ ಪಡೆಯಕೂಡದೆಂಬ ಫೆಮಾ (ವಿದೇಶೀ ವಿನಿಮಯ ಕಾಯಿದೆ) ನಿರ್ಬಂಧ ಕೇಂದ್ರದ್ದು, ಅದು ಹಾಗೆಯೇ ಇದೆ. ಪಿತ್ರಾರ್ಜಿತವಾಗಿ ಬಂದರೆ ಬೇರೆ ಮಾತು. ಕೊಳ್ಳುವುದಾದರೆ ಪರಿವರ್ತನೆಯಾದ ಸೈಟನ್ನೋ ಮನೆಯನ್ನೋ, ಇ-ಖಾತೆ ಮತ್ತು ಋಣಭಾರ ಪತ್ರವನ್ನು ವಕೀಲರಿಂದ ಓದಿಸಿಕೊಂಡ ಮೇಲೆ ಕೊಳ್ಳತಕ್ಕದ್ದು.

ಇಷ್ಟು ಬಂಡವಾಳವಿಲ್ಲದ ತರುಣರು ಬರಿಗೈಯಲ್ಲಿ ಕೂರಬೇಕಾಗಿಲ್ಲ. 2025ರ ಮೇಯಲ್ಲಿ ಲ್ಯಾಂಡ್ ಡಿಪಾರ್ಟ್‌ಮೆಂಟು ಮನೆಗಳ ಟೋಕನ್ ರೂಪದ ಪಾಲುಗಳನ್ನು ಎರಡು ಸಾವಿರ ದಿರ್ಹಂನಿಂದ ಕೊಳ್ಳುವ ದಾರಿ ತೆರೆಯಿತು. ಜುಲೈಯಲ್ಲಿ, ಇಲ್ಲಿ ಫ್ರೀಹೋಲ್ಡ್ ಮನೆಯಿಲ್ಲದ ಹದಿನೆಂಟು ತುಂಬಿದ ನಿವಾಸಿಗಳಿಗಾಗಿ ಮೊದಲ ಮನೆಯ ಯೋಜನೆಯೊಂದು ಬಂದಿತು. ಇವು ಒಳ್ಳೆಯವೇ. ಆದರೆ ಪರದೆಯ ಮೇಲೆ ಪಾಲು ಕೊಂಡವನಿಗೆ ಗೋಡೆಯ ಕಾವು ತಿಳಿಯದು. ಆದ್ದರಿಂದ ಪಾಲು ಕೊಂಡರೂ ನೋಡುವ ಅಭ್ಯಾಸವನ್ನು ಬಿಡಬಾರದು.

ಆ ಅಭ್ಯಾಸಕ್ಕಾಗಿಯೇ ಮೊನ್ನೆ ಶನಿವಾರ ನಾವಿಬ್ಬರೂ ಹಸಿರು ಮಾರ್ಗದ ರೈಲು ಹಿಡಿದು ಎರಡನೆಯ ನಿಲ್ದಾಣವಾದ ಅಲ್ ಜದ್ದಾಫ್‌ಗೆ ಹೋದೆವು. ಊದ್ ಮೇಥಾದಿಂದ ಐದಾರು ನಿಮಿಷದ ಹಾದಿ. ಅಲ್ಲಿ ನಮ್ಮಂಥವರಿಗೂ ಒಡೆತನವುಂಟು. ಮಾರಾಟಕ್ಕಿದ್ದ ಮನೆಯೊಂದರ ಬಾಗಿಲಲ್ಲಿಯೇ ನಾನು ನಿಂತೆ. ದಲ್ಲಾಳಿಯು ಬಾಲ್ಕನಿಯಿಂದ ಕಾಣುವ ನೀರನ್ನು ವರ್ಣಿಸುತ್ತಿರಲು, ಹುಡುಗ ಒಳಕೋಣೆಗೆ ಹೋಗಿ ಪಡುವಣ ಗೋಡೆಗೆ ಅಂಗೈ ಇಟ್ಟು ನಿಂತಿದ್ದನು. ಅಲ್ಲಿಂದ ಸ್ನಾನದ ಮನೆಗೆ ಹೋಗಿ ಕುರ್ಚಿ ಹತ್ತಿ ಸೀಲಿಂಗನ್ನು ಒತ್ತಿ ನೋಡಿ, ಇಳಿದು ಬಂದನು.

“ಮಾವ, ಮೇಲಿನ ಮನೆಯ ನೀರು ಇಳೀತಾ ಉಂಟು” ಎಂದು ಮೆಲ್ಲಗೆ ಹೇಳಿದನು.

ಮುಂದಿನ ಶನಿವಾರ ಇನ್ನೆರಡು ಮನೆಗಳನ್ನು ನೋಡುವುದೆಂದು ಗೊತ್ತುಮಾಡಿಕೊಂಡು, ಏಳರ ರೈಲಿಗೆ ಹಿಂದಿರುಗಿದೆವು.