ಬಸ್ಸಿನ ಖರ್ಚು ಬರೆಯದ ಪುಸ್ತಕ

ಪುಸ್ತಕ ಓದಿ ಅಳುವುದು ನನಗೆ ಹೊಸತಲ್ಲ. ಆದರೆ ಬಹಳ ಮೆಚ್ಚಿದ ಪುಸ್ತಕವೊಂದರ ಮೇಲೆಯೇ ಸಿಟ್ಟು ಬಂದದ್ದು ಇದೇ ಮೊದಲು. ಕ್ಯಾನ್ಸರ್ ತಜ್ಞ ಸಿದ್ಧಾರ್ಥ ಮುಖರ್ಜಿ ಅವರು 2010ರಲ್ಲಿ ಪ್ರಕಟಿಸಿದ ‘ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್’ ಅದು. ಮರುವರ್ಷ ಅದಕ್ಕೆ ಪುಲಿಟ್ಜರ್ ಬಹುಮಾನವೂ ಬಂತು. ತಂಗಿಯ ಮಗ ತಂದುಕೊಟ್ಟ ಈ ದಪ್ಪ ಇಂಗ್ಲಿಷ್ ಪುಸ್ತಕವನ್ನು, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಮಳೆಗಾಲವಿಡೀ ಓದಿದೆ.

ಲೇಖಕರು ಇದನ್ನು ಕ್ಯಾನ್ಸರಿನ ಜೀವನಚರಿತ್ರೆ ಎನ್ನುತ್ತಾರೆ. ರೋಗಕ್ಕೂ ಜೀವನಚರಿತ್ರೆಯೇ ಎಂದು ನಗಬೇಡಿ. ಕಾದಂಬರಿಯ ಹಾಗೆ ಓದಿಸಿಕೊಂಡು ಹೋಗುತ್ತದೆ. ಪುಸ್ತಕದ ಅರ್ಪಣೆ 1945ರಲ್ಲಿ ಹುಟ್ಟಿ 1948ರಲ್ಲಿ ತೀರಿಕೊಂಡ ರಾಬರ್ಟ್ ಸ್ಯಾಂಡ್ಲರ್ ಎಂಬ ಮಗುವಿಗೆ. ಬಾಸ್ಟನ್ನಿನ ಈ ಮಗುವಿಗೆ ರಕ್ತದ ಕ್ಯಾನ್ಸರ್. ಅವನ ಅವಳಿ ಸಹೋದರ ಆರೋಗ್ಯವಾಗಿದ್ದ. 1947ರ ಡಿಸೆಂಬರಿನಲ್ಲಿ ಡಾ. ಸಿಡ್ನಿ ಫಾರ್ಬರ್ ಅವನಿಗೆ ಅಮಿನೋಪ್ಟೆರಿನ್ ಎಂಬ ಹೊಸ ಮದ್ದು ಕೊಟ್ಟರು. ಆ ಮದ್ದನ್ನು ಅಮೆರಿಕದಲ್ಲಿ ತಯಾರಿಸಿದ ತಂಡದ ಹಿರಿಯರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮಗು ಚೇತರಿಸಿಕೊಂಡಿತು. ಕೆಲವೇ ತಿಂಗಳು, ಮತ್ತೆ ರೋಗ ಬಂತು. ಫಾರ್ಬರ್ ಮದ್ದು ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳು ಹೀಗೆ ಸ್ವಲ್ಪಕಾಲ ಎದ್ದು ಕುಳಿತವರು.

ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿದೆ. ಕಣ್ಣೆದುರು ನಿಂತದ್ದು ಬಾಸ್ಟನ್ ಅಲ್ಲ, ನಮ್ಮ ವೇಣೂರಿನ ಬಸ್‌ಸ್ಟ್ಯಾಂಡು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನೆರೆಮನೆಯಾಕೆ ಬೀಡಿ ಕಟ್ಟಿ ಸಂಸಾರ ತೂಗಿಸುತ್ತಿದ್ದಳು. ಐದು ವರ್ಷದ ಮಗನಿಗೆ ಬಿಡದ ಜ್ವರ, ಬಿಳಿಚಿದ ಮುಖ, ಮೈಮೇಲೆ ಪೆಟ್ಟಾಗದೆಯೇ ನೀಲಿ ಕಲೆ. ದೃಷ್ಟಿ ತೆಗೆದದ್ದಾಯಿತು, ಹರಕೆ ಹೊತ್ತದ್ದಾಯಿತು. ಕೊನೆಗೆ ದೂರದ ದೊಡ್ಡ ಆಸ್ಪತ್ರೆ. ಅಲ್ಲಿ ವೈದ್ಯರು ಮಾತಾಡಿದ್ದು ಮಗುವಿನ ತಂದೆ ಮತ್ತು ಮಾವನ ಹತ್ತಿರ. ರಾತ್ರಿಯಿಡೀ ಮಗುವಿನ ತಲೆ ತೊಡೆಯ ಮೇಲಿಟ್ಟು ಕುಳಿತವಳು ಬಾಗಿಲ ಹೊರಗೆ. ರೋಗದ ಹೆಸರನ್ನು ಅವಳಿಗೆ ಹೇಳಿದ್ದು ಅದೇ ಜಗಲಿಯಲ್ಲಿ ಕುಳಿತಿದ್ದ ಇನ್ನೊಬ್ಬ ತಾಯಿ.

ಒಂದು ತಿಂಗಳಾಗುವಾಗ ಮಗುವಿನ ರಕ್ತ ಶುದ್ಧವಾಗಿದೆ ಎಂದರು. ಕೂದಲು ಹೋಗಿತ್ತು; ಆದರೆ ಹುಡುಗ ಅಂಗಳದಲ್ಲಿ ಕೋಳಿಗಳ ಹಿಂದೆ ಓಡುತ್ತಿದ್ದ. ಆಸ್ಪತ್ರೆಗೆ ಮಾತ್ರ ಹೋಗುತ್ತಲೇ ಇರಬೇಕು. ಬೆಳಗಿನ ಮೊದಲ ಬಸ್ಸಿಗೆ ಮೂಡಬಿದಿರೆ, ಅಲ್ಲಿಂದ ಇನ್ನೊಂದು ಬಸ್ಸು; ಚಾರ್ಜು, ಊಟ, ಆ ದಿನ ಕಟ್ಟದೆ ಉಳಿದ ಬೀಡಿಯ ಮಜೂರಿ. ಸಣ್ಣ ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ಒಂದು ಸಂಜೆ ಸೋತು ಬಂದವಳಿಗೆ ನಾನೇ ಹೇಳಿದೆ: ‘ಮಗು ಗುಣವಾಯಿತಲ್ಲ ಮಾರಾಯ್ತಿ, ಇನ್ನು ಯಾಕೆ ಅಷ್ಟು ದೂರ ಅಲೆಸುತ್ತೀ?’

ಎರಡು ತಿಂಗಳು ಅವರು ಹೋಗಲಿಲ್ಲ. ರೋಗ ಮರಳಿತು. ಮರುವರ್ಷ ಶಾಲೆ ಶುರುವಾಗುವಾಗ ಹುಡುಗ ಇರಲಿಲ್ಲ. ಆ ಎರಡು ತಿಂಗಳೇ ಕಾರಣ ಎಂದು ಯಾರೂ ಹೇಳಲಿಲ್ಲ; ಹಾಗೆ ಖಚಿತವಾಗಿ ಹೇಳಲು ಬರುವುದೂ ಇಲ್ಲ. ಆದರೆ ಆಡಿದ ಮಾತು ನನ್ನ ಎದೆಯಲ್ಲೇ ಉಳಿಯಿತು.

ಮುಖರ್ಜಿಯವರ ಪುಸ್ತಕಕ್ಕೆ ನಾನು ಋಣಿ, ಏಕೆಂದರೆ ಅಂದು ನನಗೆ ತಿಳಿಯದೇ ಇದ್ದದ್ದನ್ನು ಅದು ತಿಳಿಸಿತು. ರಕ್ತ ಶುದ್ಧವಾದದ್ದು ರೋಗ ಹೋದದ್ದಲ್ಲ. ಕಣ್ಣಿಗೆ ಕಾಣದ ಕಣಗಳು ಅಡಗಿ ಕುಳಿತಿರುತ್ತವೆ. ಅದಕ್ಕಾಗಿಯೇ ಮಕ್ಕಳ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಮದ್ದು. ಒಂದೇ ಮದ್ದು ಸಾಲದೆಂದು ಹಲವನ್ನು ಕೂಡಿಸಿ ಕೊಡಲು ಕಲಿತದ್ದರಿಂದಲೇ ಫಾರ್ಬರ್ ಕಾಲದ ತಿಂಗಳುಗಳು ಇಂದಿನ ಮಕ್ಕಳಿಗೆ ಪೂರ್ತಿ ಆಯುಷ್ಯವಾದದ್ದು. ಇಷ್ಟನ್ನು ಯಾರಾದರೂ ಆ ತಾಯಿಗೆ ಕನ್ನಡದಲ್ಲೋ ತುಳುವಿನಲ್ಲೋ ಹತ್ತು ನಿಮಿಷ ಕುಳಿತು ಹೇಳಿದ್ದರೆ!

ನನ್ನ ಸಿಟ್ಟು ಇಲ್ಲೇ. ಪುಸ್ತಕದಲ್ಲಿ ಮಕ್ಕಳು ಸಾಯುವುದು ಮದ್ದು ಸೋತಾಗ. ನಮ್ಮಲ್ಲಿ ಮದ್ದು ಗೆಲ್ಲುವ ಮೊದಲೇ ಬಸ್ಸಿನ ಖರ್ಚು ಸೋಲುತ್ತದೆ. ಪ್ರಯೋಗಾಲಯದ ಶೀಷೆಗಳ ಲೆಕ್ಕ ಅಷ್ಟು ಚಂದವಾಗಿ ಬರೆದ ಲೇಖಕರು ತಾಯಂದಿರ ಲೆಕ್ಕವನ್ನು ಬದಿಗಿಟ್ಟರು. ರಾಬರ್ಟನ ಅಮ್ಮ ಪುಟದ ಅಂಚಿನಲ್ಲಿ ನಿಂತೇ ಇರುತ್ತಾಳೆ, ನನ್ನ ನೆರೆಮನೆಯಾಕೆ ಬಾಗಿಲ ಹೊರಗೆ ನಿಂತ ಹಾಗೆ. ಇಂಥ ಮಕ್ಕಳನ್ನು ವೈದ್ಯರ ಭಾಷೆಯಲ್ಲಿ ‘ಚಿಕಿತ್ಸೆ ಅರ್ಧಕ್ಕೆ ಬಿಟ್ಟವರು’ ಎನ್ನುತ್ತಾರೆ. ಯಾರು ಯಾರನ್ನು ಬಿಟ್ಟದ್ದು ಎಂದು ಕೇಳಬೇಕೆನಿಸುತ್ತದೆ.

ಹಾಗೆಂದು ರೋಗಿಗಳ ಪರವಾಗಿ ದುಡಿಯುವವರೆಲ್ಲ ತಪ್ಪಿಲ್ಲದವರು ಎನ್ನುತ್ತಿಲ್ಲ. ಅದೇ ಪುಸ್ತಕದಲ್ಲಿ ‘ಜಿಮ್ಮಿ’ಯ ಕಥೆಯಿದೆ. 1948ರಲ್ಲಿ ಮಕ್ಕಳ ಕ್ಯಾನ್ಸರಿಗೆ ಹಣ ಕೂಡಿಸಲು ರೇಡಿಯೋದಲ್ಲಿ ಒಬ್ಬ ಹುಡುಗನ ದನಿ ಕೇಳಿಸಿದರು. ದೂರದ ಬೇಸಾಯದ ಊರಿನಿಂದ ಬಂದಿದ್ದ ಅವನ ನಿಜ ಹೆಸರು ಐನರ್ ಗುಸ್ತಾಫ್ಸನ್. ದಾನಿಗಳಿಗಾಗಿ ಅವನು ಜಿಮ್ಮಿಯಾದ. ಹಣ ಹರಿದು ಬಂತು, ನಿಧಿ ಬೆಳೆಯಿತು. ಹುಡುಗ ಬದುಕಿ, ದೊಡ್ಡವನಾಗಿ, 1998ರಲ್ಲಷ್ಟೇ ತನ್ನ ಹೆಸರಿನಲ್ಲಿ ಜನರ ಮುಂದೆ ಬಂದ. ನಮ್ಮ ಪತ್ರಿಕೆಗಳ ‘ನೆರವಿಗೆ ಮನವಿ’ ಫೋಟೋಗಳನ್ನು ನೆನಪಿಸಿಕೊಳ್ಳಿ. ಹಣ ಬೇಕು, ನಿಜ. ಆದರೆ ವೈದ್ಯರಿಗೆ ಮಗು ಒಂದು ಕೇಸು, ದಾನಿಗಳಿಗೆ ಒಂದು ಫೋಟೋ ಆದರೆ ಅದು ಮಗುವಾಗಿರುವುದು ಎಲ್ಲಿ?

ಸಮಾಧಾನದ ಸಂಗತಿಯೆಂದರೆ ಈಗ ಎರಡೂ ಕಡೆಯವರು ಒಂದೇ ಮಾತಿಗೆ ಬರುತ್ತಿದ್ದಾರೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಅದರ ಅರ್ಧವೂ ಇಲ್ಲ. 2030ರೊಳಗೆ ಜಗತ್ತಿನಲ್ಲಿ ಶೇ. 60ರಷ್ಟು ಮಕ್ಕಳಾದರೂ ಬದುಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟಿತು. ಅರ್ಧಕ್ಕೆ ನಿಲ್ಲುವ ಚಿಕಿತ್ಸೆಯೂ ಈ ಅಂತರಕ್ಕೆ ದೊಡ್ಡ ಕಾರಣವೆಂದು ವೈದ್ಯರೇ ಒಪ್ಪುತ್ತಾರೆ. 2006ರಲ್ಲಿ ಮುಂಬೈಯಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ದೂರದಿಂದ ಬಂದ ಮಗುವಿಗೂ ತಂದೆತಾಯಿಗೂ ಉಚಿತ ವಸತಿ ಕೊಡುತ್ತದೆ. ತಾಯಿ ತಾನೇ ಅಡುಗೆ ಮಾಡಿ ಬಡಿಸಬಹುದು. ನಮ್ಮ ರಾಜ್ಯದಲ್ಲಿ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದ ಮೇಲೆ ಬಿ.ಪಿ.ಎಲ್. ಕಾರ್ಡಿನವರಿಗೆ ಮದ್ದಿನ ಹೊರೆ ಬಹಳ ಇಳಿದಿದೆ. ಆದರೆ ಕಟ್ಟದೆ ಉಳಿದ ಬೀಡಿಗೆ, ಮನೆಯಲ್ಲಿ ಬಿಟ್ಟುಹೋದ ಸಣ್ಣ ಮಗಳಿಗೆ ಯಾವ ಕಾರ್ಡಿದೆ?

ಆ ಹುಡುಗನಿಗೆ ಕೊಡುತ್ತಿದ್ದ ಮದ್ದುಗಳಲ್ಲಿ ವಿನ್‌ಕ್ರಿಸ್ಟಿನ್ ಎಂಬುದೂ ಒಂದು. ಅದು ಸಿಗುವುದು ನಮ್ಮೆಲ್ಲರ ಅಂಗಳದ ನಿತ್ಯಪುಷ್ಪದ ಗಿಡದಿಂದ. (ಎಲೆ ಅರೆದು ಕುಡಿಸಬೇಡಿ, ಅದು ವಿಷ, ಆಸ್ಪತ್ರೆಯಲ್ಲಿ ಶುದ್ಧಮಾಡಿದ್ದೇ ಬೇಕು.) ದಿನಾ ಬೆಳಿಗ್ಗೆ ಆ ಹೂ ಕೊಯ್ಯುವಾಗ ನನ್ನ ಮಾತು ನೆನಪಾಗುತ್ತದೆ.

ಹೋದ ವರ್ಷ ಬಸ್‌ಸ್ಟ್ಯಾಂಡಿನಲ್ಲಿ ತಲೆಗೆ ಟೊಪ್ಪಿ ಹಾಕಿದ್ದ ಸೊರಗಿದ ಹುಡುಗಿಯೊಬ್ಬಳನ್ನು ಎತ್ತಿಕೊಂಡ ತಾಯಿಯೊಬ್ಬಳು ಸಿಕ್ಕಿದಳು. ಏನು ರೋಗ ಎಂದು ನಾನು ಕೇಳಲಿಲ್ಲ. ‘ಮುಂದಿನ ತಾರೀಖು ಯಾವಾಗ? ಮನೆಯಲ್ಲಿ ಬೇರೆ ಮಕ್ಕಳಿದ್ದರೆ ನಮ್ಮಲ್ಲಿ ಬಿಟ್ಟು ಹೋಗಿ’ ಎಂದೆ.