ತಂಬೂರಿ ಹಿಡಿದ ನಿರ್ದೇಶಕಿ

ಮಂಡ್ಯ ಸೀಮೆಯವರಿಗೆ ತಂಬೂರಿಯ ದನಿ ಹೊಸದಲ್ಲ. ನೀಲಗಾರರು ಅದನ್ನು ಮೀಟುತ್ತ ಮಂಟೇಸ್ವಾಮಿಯ ಕತೆ ಹಾಡುವುದನ್ನು ಕೇಳಿ ಬೆಳೆದವರು ನಾವು. ಅದಕ್ಕೋ ಏನೋ, ಶಬ್ನಂ ವಿರ್ಮಾನಿಯವರ ಕಬೀರ ಚಿತ್ರಗಳು ಪರವೂರಿನವು ಅನ್ನಿಸಲೇ ಇಲ್ಲ.

2002ರ ಗುಜರಾತ್ ಗಲಭೆಯ ಸಂಕಟದಿಂದ ಹೊರಟ ಅವರ ಹುಡುಕಾಟ, 2003ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ‘ಕಬೀರ್ ಪ್ರಾಜೆಕ್ಟ್’ ಆಯಿತು. ವರ್ಷಗಟ್ಟಲೆ ಅಲೆದಾಟ, ನಾಲ್ಕು ಸಾಕ್ಷ್ಯಚಿತ್ರ. ‘ಹದ್-ಅನ್‌ಹದ್’ ಅಯೋಧ್ಯೆಯಿಂದ ಗಡಿ ದಾಟಿ ಪಾಕಿಸ್ತಾನಕ್ಕೂ ಹೋಗುತ್ತದೆ. ‘ಕೋಯಿ ಸುನತಾ ಹೈ’ ಹಿಡಿಯುವುದು ಕಬೀರನನ್ನು ಹಾಡಿದ ಗಾಯಕ ಕುಮಾರ ಗಂಧರ್ವರ ಜಾಡು; ಅವರು ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿ ದೇವಾಸದಲ್ಲಿ ನೆಲೆನಿಂತವರು.

ನನಗೆ ಹೆಚ್ಚು ಹಿಡಿಸಿದ್ದು ‘ಕಬೀರಾ ಖಡಾ ಬಜಾರ್ ಮೇ’. ಮಾಳವದ ದಲಿತ ಗಾಯಕ ಪ್ರಹ್ಲಾದ್ ಸಿಂಗ್ ಟಿಪಾಣ್ಯ ಕಬೀರ ಪಂಥದ ಮಹಂತರಾಗುತ್ತಾರೆ. ಆಚಾರಗಳನ್ನು ಗೇಲಿ ಮಾಡಿದವನ ಹೆಸರಲ್ಲೇ ಆಚಾರ! ಶಬ್ನಂ ತೀರ್ಪು ಕೊಡುವುದಿಲ್ಲ, ಪಕ್ಕದಲ್ಲಿ ಕೂತು ಕೇಳುತ್ತಾರೆ. ಹೀಗೆ ಕೇಳುತ್ತ ತಾವೇ ತಂಬೂರಿ ಹಿಡಿದು ಹಾಡಲು ಕಲಿತರು. ನಿರ್ದೇಶಕರು ದೂರ ನಿಲ್ಲಬೇಕು ಅನ್ನುವವರಿಗೆ ಇದು ರುಚಿಸಲಿಕ್ಕಿಲ್ಲ. ನನಗೆ ಅದೇ ಇಷ್ಟ.

2024ರ ಜನವರಿಯಲ್ಲಿ ನಮ್ಮ ಮಂಡ್ಯ ಸೀಮೆಯ ಕೆರಗೋಡಿನಲ್ಲಿ ಹನುಮ ಧ್ವಜ ಇಳಿಸಿದ್ದಕ್ಕೆ ಗಲಾಟೆಯೆದ್ದು, ಧ್ವಜಸ್ತಂಭದ ಸುತ್ತ ಪೊಲೀಸರು, ಘೋಷಣೆಗಳು ತುಂಬಿದ್ದಾಗ ‘ಹದ್-ಅನ್‌ಹದ್’ನ ಅಯೋಧ್ಯೆ ನೆನಪಾಗಿತ್ತು. ಒಂದು ರಾತ್ರಿ ಕೆರಗೋಡಿನ ಬಯಲಲ್ಲಿ ಪರದೆ ಕಟ್ಟಿ ಆ ಚಿತ್ರವನ್ನು ತೋರಿಸಬೇಕು. ಅದಕ್ಕೂ ಮೊದಲು ನೀಲಗಾರರ ಹಾಡಿರಲಿ.